ಕಂಡಕ್ಟರ್ ಇಲ್ಲದ ರೈಲು

ನಮ್ಮ ಕಾರಿನಲ್ಲಿ ಮೊದಲ ಸಲ ಕೂತವರು ಬೆಚ್ಚಿಬೀಳುತ್ತಿದ್ದರು. ಶಿಕಾಗೊ ಹತ್ತಿರದ ಲೊಂಬಾರ್ಡಿನ ನಮ್ಮ ಬಡಾವಣೆ ದಾಟಿ ಮೊದಲ ಸಿಗ್ನಲ್ ಕಾಣಿಸಿದ ಕೂಡಲೇ ಇವರು, ಅಂದರೆ ನನ್ನ ಗಂಡ, ಸ್ಟಿಯರಿಂಗಿನಿಂದ ಬಲಗೈ ತೆಗೆದು, ತೋರುಬೆರಳನ್ನು ದೀಪದ ಕಡೆಗೆ ನೆಟ್ಟಗೆ ಚಾಚಿ, "ಸಿಗ್ನಲ್ ಹಸಿರು!" ಎಂದು ಕೂಗುತ್ತಿದ್ದರು. ಪಕ್ಕದ ಸೀಟಿನಲ್ಲಿದ್ದ ನಾನೂ ಬೆರಳು ಚಾಚಿ "ಹಸಿರು!" ಎಂದು ಮರುಕೂಗು ಕೊಡುತ್ತಿದ್ದೆ. ಹಿಂದೆ ಕೂತ ಅತಿಥಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಗಳು ಹೈಸ್ಕೂಲಿನಲ್ಲಿದ್ದಾಗ ಸೀಟಿನೊಳಗೇ ಹುದುಗಿಕೊಂಡು, "ಅಪ್ಪಾ, ಪ್ಲೀಸ್, ನಾಟ್ ಇನ್ ಫ್ರಂಟ್ ಆಫ್ ಮೈ ಫ್ರೆಂಡ್ಸ್" ಎಂದು ಗೋಗರೆಯುತ್ತಿದ್ದಳು. ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಇದು ಹುಚ್ಚಲ್ಲ, ಜಪಾನಿನ ರೈಲಿನವರ ಪದ್ಧತಿ. ಅಲ್ಲಿ ಡ್ರೈವರ್ ಸಿಗ್ನಲ್ಲನ್ನು ಸುಮ್ಮನೆ ನೋಡಿಕೊಂಡು ಹೋಗುವಂತಿಲ್ಲ. ಬಿಳಿ ಕೈಗವಸಿನ ಬೆರಳು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಕಣ್ಣು ಮೈಮರೆತರೂ ಕೈ ಮತ್ತು ಬಾಯಿ ಎಚ್ಚರಿಸುತ್ತವೆ ಎಂಬುದು ಅವರ ಲೆಕ್ಕಾಚಾರ. ಇವರು ಅದನ್ನು ಕಲಿತದ್ದು ಯಾವ ದೊಡ್ಡ ರೈಲಿನಿಂದಲೂ ಅಲ್ಲ. ಜಪಾನಿನ ಒಂದು ಕಣಿವೆಯಲ್ಲಿ ಓಡುವ ಎರಡು ಬೋಗಿಯ ಖಾಸಗಿ ಲೈನಿನಿಂದ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾದವರು ನಮ್ಮ ಮನೆಗೆ ಬಂದರೆ ಇವರೇ ಹೇಳುತ್ತಾರೆ, ಆದರೆ ಊಟದ ಹೊತ್ತು ಮೀರಿದರೆ ನನ್ನನ್ನು ಬೈಯಬಾರದು.

ಮದುವೆಯಾದ ಹೊಸತು. ಇವರು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಯಂತ್ರಗಳ ಕಾರ್ಖಾನೆ ಇವರನ್ನು ಕೆಲವು ವರ್ಷ ತರಬೇತಿಗೆಂದು ಆ ಕಣಿವೆಯ ಊರಿನ ಒಂದು ಜಪಾನಿ ಯಂತ್ರ ಕಂಪನಿಗೆ ಕಳಿಸಿತು. ನಾನು ಮೈಸೂರು ಬಿಟ್ಟು ಧರ್ಮಸ್ಥಳ, ತಿರುಪತಿಯಾಚೆ ಹೋದವಳಲ್ಲ. ಹೋಗಿ ನೋಡಿದರೆ ಬಾಡಿಗೆ ಮನೆಯ ಹಿಂದೆ ಒಂದು ಗದ್ದೆ, ಗದ್ದೆಯಾಚೆ ಹಳಿ. ಭಾಷೆ ಬಾರದ ಊರಿನಲ್ಲಿ ಇಡೀ ದಿನ ನನಗೆ ಅರ್ಥವಾಗುತ್ತಿದ್ದ ಒಂದೇ ಸದ್ದು ಆ ರೈಲಿನದು. ಒಂದು ರೈಲು ಬಂತೆಂದರೆ ಒಗ್ಗರಣೆ ಹಾಕುತ್ತಿದ್ದೆ, ಇನ್ನೊಂದು ಬಂತೆಂದರೆ ಇವರು ಊಟಕ್ಕೆ ಬರುತ್ತಿದ್ದರು.

ಲೈನಿನ ಚರಿತ್ರೆಯನ್ನು ಇವರ ಬಾಯಿಂದ ಎಷ್ಟು ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಸರ್ಕಾರದ ದೊಡ್ಡ ಲೈನು ಆ ಊರನ್ನು ಬಿಟ್ಟು ಹೊಳೆಯಾಚೆ ಹಾದುಹೋಯಿತಂತೆ. ಮುನಿಸಿಕೊಂಡ ರೇಷ್ಮೆ ವ್ಯಾಪಾರಿಗಳು, ಅಕ್ಕಿಯಿಂದ ಮದ್ಯ ತಯಾರಿಸುವ ಮನೆತನಗಳು, ಬೆಟ್ಟದ ಬುಡದ ದೇವಸ್ಥಾನದವರು, ಎಲ್ಲ ಸೇರಿ ಶೇರು ಹಾಕಿ ತಮ್ಮದೇ ಒಂದು ಕಂಪನಿ ಕಟ್ಟಿದರು. ಕೆಳಗೆ ಬರುವಾಗ ರೇಷ್ಮೆಗೂಡು, ಮೇಲೆ ಹೋಗುವಾಗ ದೇವಸ್ಥಾನದ ಭಕ್ತರು. ರೇಷ್ಮೆಗೂಡು ಎಂದ ಕೂಡಲೇ ನನಗೆ ರಾಮನಗರದ ಸ್ಟೇಷನ್ನಿನ ವಾಸನೆ ನೆನಪಾಗಿ, ಆ ಲೈನಿನ ಮೇಲೆ ನಂಟಸ್ತಿಕೆ ಹುಟ್ಟಿಬಿಟ್ಟಿತು. ಮೊದಲು ಉಗಿಬಂಡಿ, ಆಮೇಲೆ ಕರೆಂಟು. ಯುದ್ಧದ ಕಾಲದಲ್ಲಿ ದೇವಸ್ಥಾನದ ಕಡೆಯ ಹಳಿಗಳನ್ನು ಕಬ್ಬಿಣಕ್ಕೆಂದು ಕಿತ್ತುಕೊಂಡು ಹೋದರು, ಯುದ್ಧ ಮುಗಿದ ಮೇಲೆ ಊರಿನವರು ಮತ್ತೆ ಹಾಕಿಸಿದರು. ರೇಷ್ಮೆ ಹೋಯಿತು, ಸ್ಕೂಲು ಮಕ್ಕಳು ತುಂಬಿಕೊಂಡರು. ಮನೆಮನೆಗೂ ಕಾರು ಬಂದಾಗ ಲೈನು ಬಡವಾಯಿತು. ಹೊಸ ಬೋಗಿ ಕೊಳ್ಳುವ ಶಕ್ತಿಯಿಲ್ಲದೆ, ಟೋಕಿಯೋದ ದೊಡ್ಡ ಕಂಪನಿಗಳು ಓಡಿಸಿ ಬಿಟ್ಟ ಹಳೆಯ ಬೋಗಿಗಳನ್ನು ತಂದು, ಬಣ್ಣ ಬಳಿದು ಓಡಿಸುತ್ತಿದ್ದರು. ಅಕ್ಕನ ಲಂಗವನ್ನು ಹೊಲಿಸಿ ತಂಗಿಗೆ ತೊಡಿಸಿದ ಹಾಗೆ.

ಆದರೂ ಏನು ಅಚ್ಚುಕಟ್ಟು ಅಂತೀರಿ! ಬೆಳಗ್ಗೆ ಮತ್ತು ಸಂಜೆ ಮಕ್ಕಳಿಗಾಗಿ ಬೇಗ ಬೇಗ, ಹಗಲಿನಲ್ಲಿ ಗಂಟೆಗೊಂದು. ಹಗಲು ಹೊತ್ತು ಸೈಕಲ್ ಸಮೇತ ಹತ್ತಬಹುದಿತ್ತು. ಬೇಸಿಗೆಯಲ್ಲಿ ಬೋಗಿಯ ಸೂರಿಗೆ ಗಾಜಿನ ಪುಟ್ಟ ಗಂಟೆಗಳನ್ನು ಕಟ್ಟುತ್ತಿದ್ದರು. ಕಿಟಕಿ ತೆರೆದರೆ ಇಡೀ ಬೋಗಿ ಕಿಣಿಕಿಣಿ ಎನ್ನುತ್ತಿತ್ತು. ಹೊಸ ವರ್ಷಕ್ಕೆ ದೇವಸ್ಥಾನಕ್ಕೆ ಹೋಗುವವರಿಗೆಂದು ವಿಶೇಷ ರೈಲುಗಳಿರುತ್ತಿದ್ದವು. ಅದೇ ಕಂಪನಿಯದೇ ಬಸ್ಸು, ಅದೇ ಕಂಪನಿಯದೇ ಸ್ಟೇಷನ್ ಪಕ್ಕದ ತರಕಾರಿ ಅಂಗಡಿ. ನನ್ನ ಮೂಲಂಗಿ ಸಾಂಬಾರು ನಡೆದದ್ದೇ ಅವರಿಂದ.

ಇವರಿಗೆ ಹಿಡಿಸಿದ್ದು ಎರಡು ಸಂಗತಿ. ಒಂದು, ಮುಂದಿನ ಡ್ರೈವರ್ ಕೂಗಿದ್ದಕ್ಕೆ ಹಿಂದಿನ ಕಂಡಕ್ಟರ್ ತಾನೂ ಬೆರಳು ತೋರಿಸಿ ಕೂಗಿ, ಬಾಗಿಲು ಹಾಕುವುದು. ಇನ್ನೊಂದು, ನಡುವಣ ಸ್ಟೇಷನ್ನಿನಲ್ಲಿ ಡ್ರೈವರುಗಳು ಬದಲಾಗುವ ರೀತಿ. ಇಳಿದವನು ಹತ್ತುವವನ ಎದುರು ನೆಟ್ಟಗೆ ನಿಂತು, ಬಂಡಿಯ ಕುಂದುಕೊರತೆ ಏನಿದೆಯೋ ಅಷ್ಟನ್ನೂ ಹೇಳಿ, ಕೊನೆಗೆ "ಬೇರೇನೂ ವಿಶೇಷವಿಲ್ಲ" ಎಂದು ಹಣೆಗೆ ಕೈ ಹಚ್ಚಿ ಸೆಲ್ಯೂಟ್ ಮಾಡುತ್ತಿದ್ದ. ರೈಲು ಹೊರಡುವವರೆಗೆ ಪ್ಲಾಟ್‌ಫಾರ್ಮಿನಿಂದ ಕದಲುತ್ತಿರಲಿಲ್ಲ. ರಜೆಯ ದಿನ ನಾವಿಬ್ಬರೂ ಅದನ್ನು ನೋಡುವುದಕ್ಕೆಂದೇ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆವು. ನಮ್ಮ ಹನಿಮೂನ್ ಅಂದರೆ ಅದೇ.

ನಾವಿದ್ದಾಗಲೇ ಕಂಪನಿ ಖರ್ಚು ತಡೆಯಲಾರದೆ ಕಂಡಕ್ಟರುಗಳನ್ನು ತೆಗೆದುಹಾಕಿತು. ಇನ್ನು ಮೇಲೆ ಡ್ರೈವರ್ ಒಬ್ಬನೇ. ಹತ್ತುವುದು ಹಿಂದಿನ ಬಾಗಿಲಿನಿಂದ, ಇಳಿಯುವುದು ಮುಂದಿನ ಬಾಗಿಲಿನಿಂದ, ದುಡ್ಡು ಡ್ರೈವರ್ ಪಕ್ಕದ ಡಬ್ಬಿಗೆ. ಸ್ಟೇಷನ್ ತುಂಬ ನೋಟಿಸು ಅಂಟಿಸಿದ್ದರು. ನನಗೆ ಓದಲು ಬರಬೇಕಲ್ಲ! ಮೂಲಂಗಿ ಹಿಡಿದುಕೊಂಡು ಎಂದಿನಂತೆ ಹಿಂದಿನ ಬಾಗಿಲಿನಲ್ಲಿ ನಿಂತೆ. ನಮ್ಮ ಸ್ಟೇಷನ್ ಬಂತು, ಹತ್ತುವವರಿಲ್ಲದ್ದರಿಂದ ಆ ಬಾಗಿಲು ತೆರೆಯಲಿಲ್ಲ, ರೈಲು ಹೊರಟೇಬಿಟ್ಟಿತು. "ಅಯ್ಯೋ ನಿಲ್ಸಿ, ನಿಲ್ಸಿ" ಎಂದು ಅಚ್ಚ ಕನ್ನಡದಲ್ಲಿ ಕಿರುಚಿದೆ. ಮುಂದಿನ ಸ್ಟೇಷನ್ನಿನಲ್ಲೂ ಅದೇ ಬಾಗಿಲಿಗೇ ಅಂಟಿಕೊಂಡು ನಿಂತಿದ್ದೆ, ಪೆದ್ದಿ. ಕೊನೆಯ ಸ್ಟೇಷನ್ ತಲುಪಿ ಅಳುತ್ತಾ ಕೂತಿದ್ದವಳನ್ನು ಕಂಡು ಡ್ರೈವರ್ ಬಗ್ಗಿ ಬಗ್ಗಿ ಕ್ಷಮೆ ಕೇಳಿದ. ಅದೇ ರೈಲಿನಲ್ಲಿ ವಾಪಸು ಕರೆತಂದು, ನಮ್ಮ ಸ್ಟೇಷನ್ನಿನಲ್ಲಿ ತಾನೇ ಎದ್ದು ಬಂದು ಮುಂದಿನ ಬಾಗಿಲು ತೋರಿಸಿ ಇಳಿಸಿದ.

ಆ ಸಂಜೆ ಇವರು ನಗಲಿಲ್ಲ. "ಎರಡು ಜನ ಇರ್ಬೇಕು ಕಣೇ," ಎಂದರು. "ಒಬ್ರು ನೋಡೋದು, ಇನ್ನೊಬ್ರು ಹೌದು ಅನ್ನೋದು. ಒಬ್ಬನೇ ಆದ್ರೆ ತಪ್ಪಿದ್ರೂ ಹೇಳೋರಿಲ್ಲ." ಮುಂದೆ ಇವರಿಗೆ ತರಬೇತಿ ಕೊಟ್ಟ ಜಪಾನಿ ಕಂಪನಿಯೇ ಶಿಕಾಗೊ ಪಕ್ಕದ ಇಟಾಸ್ಕಾದ ತನ್ನ ಆಫೀಸಿನಲ್ಲಿ ಕೆಲಸ ಕೊಟ್ಟು, ನಾವು ಅಮೆರಿಕದಲ್ಲಿ ಮೊದಲ ಕಾರು ಕೊಂಡಾಗ, ಪಕ್ಕದ ಸೀಟಿಗೆ ಕಂಡಕ್ಟರಾಗಿ ನನ್ನ ನೇಮಕವಾಯಿತು. ಕೂಗನ್ನು ಇವರೇ ಕನ್ನಡಕ್ಕೆ ತಂದರು.

ಕಾರು ಓಡಿಸುವುದರಲ್ಲಿ ಇವರಿಗೆ ಸ್ವಲ್ಪ ಜಂಬವೇ. ಇಷ್ಟು ವರ್ಷದಲ್ಲಿ ಒಂದು ಗೀರು ಇಲ್ಲ, ಪೊಲೀಸರ ದಂಡದ ಒಂದು ಟಿಕೆಟ್ ಇಲ್ಲ. ರಿಟೈರ್ ಆದಮೇಲೆ ಆ ಜಂಬವೊಂದೇ ಉಳಿದಿತ್ತು ಎಂದರೂ ತಪ್ಪಲ್ಲ. ಯಾರನ್ನೋ ಏರ್‌ಪೋರ್ಟಿನಿಂದ ಕರೆತರಬೇಕೆ, ಇವರು. ಡೆಟ್ರಾಯಿಟ್ ಹತ್ತಿರ ಇರುವ ಮಗಳ ಮನೆಗೆ ಚಟ್ನಿಪುಡಿ ಕೊಟ್ಟು ಬರಬೇಕೆ, ಇವರೇ. ನಾನೂ ಲೈಸೆನ್ಸ್ ಇಟ್ಟುಕೊಂಡಿದ್ದೆ, ಆದರೆ ಲೈಬ್ರರಿ ಮತ್ತು ಇಂಡಿಯನ್ ಅಂಗಡಿ ಬಿಟ್ಟರೆ ಎಲ್ಲೂ ಹೋದವಳಲ್ಲ. ಇಲ್ಲಿ ಎದುರಿನಿಂದ ಬರುವ ಕಾರುಗಳನ್ನು ಅಡ್ಡಹಾಯ್ದು ಎಡಕ್ಕೆ ತಿರುಗಬೇಕು ಎಂದರೆ ಕೈ ಬೆವರುತ್ತಿತ್ತು. ಈ ಊರಿನಲ್ಲಿ ಕಾರು ಓಡಿಸಲಾರದವರು ಹಾಲಿಗೂ ಇನ್ನೊಬ್ಬರ ಮುಖ ನೋಡಬೇಕು. ಇವರಿಗೆ ಆ ಗತಿ ಬಂದರೆ ಹೇಗೆ ತಡೆದುಕೊಳ್ಳುತ್ತಾರೋ ಎಂದು ಆಗಾಗ ಹೆದರಿಕೆಯಾಗುತ್ತಿತ್ತು.

ಹೋದ ಯುಗಾದಿಗೆ ಇಟಾಸ್ಕಾದ ಸ್ನೇಹಿತರ ಮನೆಯಲ್ಲಿ ಪಾಟ್‌ಲಕ್, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ. ನನ್ನ ಕೋಸಂಬರಿಯನ್ನು ಯಾರೂ ಕೇಳುವವರಿಲ್ಲ, ಎಲ್ಲರೂ ಇವರ ಸುತ್ತ. ಇವರು ಎದ್ದು ನಿಂತು, ಸೌಟನ್ನೇ ಮೂಲಂಗಿ ಮಾಡಿಕೊಂಡು, ನಾನು ರೈಲಿನ ಬಾಗಿಲು ತಟ್ಟಿ "ನಿಲ್ಸಿ, ನಿಲ್ಸಿ" ಎಂದದ್ದನ್ನು ಅಭಿನಯಿಸಿ ತೋರಿಸುತ್ತಿದ್ದಾರೆ! ಧಾರವಾಡದ ಕಡೆಯ ಅಂಕಲ್ ಒಬ್ಬರು ಕಣ್ಣೀರು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಅಲ್ರೀ ಅಕ್ಕಾರ, ಆಮ್ಯಾಲೆ ಆ ಮೂಲಂಗಿ ಏನಾತ್ರೀ?" ಎಂದರು. ಮನೆಯೆಲ್ಲ ಗೊಳ್ಳೆಂದಿತು. ಪ್ರತಿ ಹಬ್ಬಕ್ಕೂ ಇದೇ ಕತೆ, ಪ್ರತಿ ಸಲವೂ ನಾನೇ ಪೆದ್ದಿ. ನನಗೂ ಮೂಗಿನ ತುದಿಯಲ್ಲೇ ಕೋಪ. ಕಾರು ಹತ್ತಿದ ಮೇಲೆ ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತೆ. ಇವತ್ತು ಕಂಡಕ್ಟರ್ ಸ್ಟ್ರೈಕ್ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲ ಸಿಗ್ನಲ್ಲಿನಲ್ಲಿ ಮುಂದೊಂದು ವ್ಯಾನ್ ಇತ್ತು. ಅದು ಹೊರಟಾಗ ನಾವೂ ಹೊರಟೆವು. ಇವರೂ ಕೂಗಲಿಲ್ಲ. ಎರಡನೆಯದರಲ್ಲಿ ನಮ್ಮ ಮುಂದೆ ಯಾರೂ ಇಲ್ಲ. ದೂರದಿಂದಲೇ ಹಸಿರು ಹೊಳೆಯುತ್ತಿತ್ತು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಬಿಳಿ ಗೆರೆಯ ಹತ್ತಿರ ನಿಂತೇಬಿಟ್ಟಿತು. ಹಿಂದಿನವನು ಹಾರ್ನ್ ಒತ್ತಿದ. ನಾನು ಇವರ ಕಡೆ ನೋಡಿದೆ. ಇವರ ಮುಖ ರಸ್ತೆಯ ಕಡೆಗಿತ್ತು, ಕಿವಿ ಮಾತ್ರ ನನ್ನ ಕಡೆ ಸ್ವಲ್ಪ ವಾಲಿತ್ತು.

"ಹಸಿರು ರೀ!" ಎಂದೆ, ಕೋಪದಲ್ಲೇ.

"ಹಸಿರು," ಎಂದು ಕಾರು ಓಡಿಸಿದರು.

ಯಾವಾಗಿನಿಂದ ನಾನು ಮೊದಲು ಕೂಗುವವಳು, ಇವರು ಮರುಕೂಗುವವರು ಆದೆವು? ಚಳಿಗಾಲದಲ್ಲೇ? ಅದಕ್ಕೂ ಮೊದಲೇ? ವಾಚಾಳಿ ನಾನು, ದೂರದಲ್ಲಿ ದೀಪ ಕಂಡ ಕೂಡಲೇ ಬಾಯಿ ಹಾಕುವವಳು. ಇವರು ಬೇಕೆಂದೇ ಕಾಯುತ್ತಿದ್ದರೆಂದು ನನಗೆ ಹೊಳೆದಿರಲೇ ಇಲ್ಲ. ಮನೆ ಬರುವವರೆಗೆ ಒಂದೂ ಸಿಗ್ನಲ್ ಬಿಡದೆ ಕೂಗಿದೆ. ಸ್ಟ್ರೈಕ್ ಅಲ್ಲಿಗೆ ಮುಗಿಯಿತು.

ಅಂದೇ ಕೇಳಿಬಿಡಬೇಕಿತ್ತು, ಬಾಯಿ ಬರಲಿಲ್ಲ. ಇರಲಾರದು, ಏನೋ ಯೋಚನೆಯಲ್ಲಿ ನಿಲ್ಲಿಸಿರಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಮಾರನೆಯ ಮಧ್ಯಾಹ್ನ ಇವರು ಬೇಸ್‌ಮೆಂಟಿನಲ್ಲಿ ತಮ್ಮ ದಿನನಿತ್ಯದ ಪೂಜೆಗೆ ಕೂತಿದ್ದರು. ಪೂಜೆಯೆಂದರೆ ರೈಲಿನ ವಿಡಿಯೋ. ಆ ಕಣಿವೆಯ ಲೈನಿನ ಅಭಿಮಾನಿಗಳು ಡ್ರೈವರಿನ ಬೆನ್ನ ಹಿಂದೆ ನಿಂತು, ಮುಂದಿನ ಗಾಜಿನಾಚೆ ಕಾಣುವ ಹಳಿ, ಸಿಗ್ನಲ್, ಸ್ಟೇಷನ್ನುಗಳನ್ನೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕುತ್ತಾರೆ. ಇವರು ದೊಡ್ಡ ಟಿವಿಯೆದುರು ಕುರ್ಚಿ ಹಾಕಿಕೊಂಡು ತಾವೇ ಓಡಿಸುತ್ತಾರೆ. ನಾನು ಹುರುಳಿಕಾಯಿಯ ನಾರು ತೆಗೆಯುವ ನೆಪದಲ್ಲಿ ಹೋಗಿ ಪಕ್ಕದಲ್ಲಿ ಕೂತೆ.

ಅದು ಹೊಸದಾಗಿ ಬಂದ ವಿಡಿಯೋ, ಹಿಮದ ದಿನದ್ದು. ಗದ್ದೆಗಳೆಲ್ಲ ಬೆಳ್ಳಗೆ. ಇವರು ಒಂದೊಂದು ಸಿಗ್ನಲ್ಲಿಗೂ ಬೆರಳು ಚಾಚಿ ಸರಿಯಾಗಿ ಕೂಗಿದರು. ತಿರುವುಗಳನ್ನೂ, ಸೇತುವೆಯನ್ನೂ, ನಮ್ಮ ಹಳೆಯ ಮನೆಯ ಹಿಂದಿನ ಗದ್ದೆಯನ್ನೂ ಬರುವ ಮುಂಚೆಯೇ ಹೇಳಿದರು. ಸದ್ಯ, ಕಣ್ಣಿಗೇನೂ ಆಗಿಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ಅಷ್ಟರಲ್ಲಿ ನಡುವಣ ಸ್ಟೇಷನ್ ಬಂತು, ಡ್ರೈವರುಗಳು ಬದಲಾಗುವ ನಮ್ಮ ಬೆಂಚಿನ ಸ್ಟೇಷನ್. ಒಂಟಿ ಹಳಿಯ ಲೈನು ಅದು. ಎದುರಿನಿಂದ ಬರುವ ರೈಲು ಅಲ್ಲಿ ಪಕ್ಕದ ಹಳಿಗೆ ಬಂದ ಮೇಲೆಯೇ ಈ ರೈಲು ಹೊರಡಬೇಕು. ಹಿಮಕ್ಕೆ ಎದುರಿನ ರೈಲು ತಡವಾಗಿತ್ತು.

"ಹೊರಡುವ ಸಿಗ್ನಲ್ ಹಸಿರು!" ಎಂದು ಇವರು ಬೆರಳು ಚಾಚಿದರು.

ಟಿವಿಯ ನಟ್ಟನಡುವೆ, ಹಿಮದ ಮುಂದೆ, ಸಿಗ್ನಲ್ ಕೆಂಪಗೆ ಉರಿಯುತ್ತಿತ್ತು. ರೈಲು ನಿಂತೇ ಇತ್ತು. ನಾನು ಮರುಕೂಗಲಿಲ್ಲ.

"ಏನು, ಕಂಡಕ್ಟರಿಗೆ ನಿದ್ದೆನಾ?" ಎಂದು ನಕ್ಕರು.

"ಕೆಂಪಿದೆ ರೀ," ಎಂದೆ.

ಬೆರಳು ಚಾಚಿದ್ದು ಹಾಗೇ ಇತ್ತು. ಮುಖವನ್ನು ಒಂದು ಕಡೆ ಓರೆ ಮಾಡಿ, ಕಣ್ಣಂಚಿನಿಂದ ಟಿವಿ ನೋಡಿದರು. ಆಮೇಲೆ ಕೈ ನಿಧಾನವಾಗಿ ತೊಡೆಯ ಮೇಲೆ ಬಂತು. ಇಷ್ಟು ಹೊತ್ತು ಇವರು ನೋಡಿ ಕೂಗಿರಲಿಲ್ಲ, ನೆನಪಿನಿಂದ ಕೂಗಿದ್ದರು.

"ಅಂಚೆಲ್ಲ ಚೆನ್ನಾಗೇ ಕಾಣತ್ತೆ ಕಣೇ. ಮಧ್ಯದಲ್ಲಿ ಮಾತ್ರ ಒಂದು ಮಬ್ಬು. ನೆಟ್ಟಗೆ ಏನ್ ನೋಡ್ತೀನೋ ಅದೇ ಮಾಯ ಆಗತ್ತೆ."

"ಅದಕ್ಕೆ ನನ್ನ ಬಾಯಿ ನಂಬ್ಕೊಂಡು ಕಾರು ಓಡಿಸ್ತಿದ್ರಾ? ಯಾರಿಗಾದ್ರೂ ಗುದ್ದಿದ್ರೆ? ಸ್ಕೂಲು ಮಕ್ಕಳು ಓಡಾಡೋ ರಸ್ತೆ ರೀ ಅದು!" ನನಗೆ ಕೋಪ ಬಂದಿತ್ತು, ಭಯವಾಗಿತ್ತು, ಇವರನ್ನು ನೋಡಿ ಮರುಕವೂ ಹುಟ್ಟಿತ್ತು, ಮೂರೂ ಒಟ್ಟಿಗೇ.

"ನೀನು ಯಾವತ್ತೂ ತಪ್ಪು ಕೂಗಿಲ್ವಲ್ಲ," ಎಂದರು. ಆಮೇಲೆ ತಾವೇ, "ತಪ್ಪಾಯ್ತು. ಇನ್ನು ಸ್ಟಿಯರಿಂಗ್ ಮುಟ್ಟಲ್ಲ, ಡಾಕ್ಟರ್ ಹೇಳೋವರೆಗೂ" ಎಂದರು. ಟಿವಿಯಲ್ಲಿ ಎದುರಿನ ರೈಲು ಬಂತು. ಇವರು ವಿಡಿಯೋ ಆರಿಸಿದರು. ನಾನು ಹುರುಳಿಕಾಯಿ ಎತ್ತಿಕೊಂಡು ಮೇಲೆ ಬಂದು ಸಿಂಕಿನ ಮುಂದೆ ಚೆನ್ನಾಗಿ ಅತ್ತೆ.

ಕಣ್ಣಿನ ಡಾಕ್ಟರು ಇರುವುದು ಪಕ್ಕದ ಊರು ಡೌನರ್ಸ್ ಗ್ರೋವಿನಲ್ಲಿ. ಮಗಳು ಫೋನಿನಲ್ಲಿ, "ಅಮ್ಮಾ, ಜಸ್ಟ್ ಗೆಟ್ ಎ ಕ್ಯಾಬ್" ಎಂದಳು. ಬೇಡವೆಂದು ನಾನೇ ನನ್ನ ಕೀ ತೆಗೆದುಕೊಂಡು ಹೊರಟೆ. ಎಡ ತಿರುವು ತಪ್ಪಿಸಲು ಸುತ್ತುಬಳಸು ದಾರಿ ಹಿಡಿದು ಹೋದೆ. ಹೋಗುವಾಗ ಇಬ್ಬರೂ ಸಿಗ್ನಲ್ ಕೂಗಲಿಲ್ಲ. ಇವರಿಗೆ ಇನ್ನೂ ಆಸೆಯಿತ್ತು. ಕನ್ನಡಕ ಬದಲಿಸಿದರೆ ಸಾಕು ಅಂತಾರೇನೋ, ಒಂದು ಆಪರೇಷನ್ ಸಾಕು ಅಂತಾರೇನೋ. ಇವರ ಜೇಬಿನಲ್ಲಿ ಇವರದೇ ಕೀ ಇತ್ತು. ಅದರ ಗೊಂಚಲಿಗೆ ಆ ಲೈನಿನ ಬೇಸಿಗೆ ರೈಲಿನಲ್ಲಿ ಮಾರುತ್ತಿದ್ದ ಪುಟ್ಟ ಗಂಟೆಯೊಂದು ಕಟ್ಟಿದೆ. ವೇಟಿಂಗ್ ರೂಮಿನಲ್ಲಿ ಅದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದರು.

ಡಾಕ್ಟರಮ್ಮ ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ಇಂಜೆಕ್ಷನ್ ಕೊಟ್ಟು ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು. ಡ್ರೈವಿಂಗ್ ವಿಷಯ ಇವರೇ ಕೇಳಿದರು. ಆಕೆ ಇವರ ಕೈ ಮೇಲೆ ಕೈಯಿಟ್ಟು, ಇಲ್ಲವೆಂದು ತಲೆಯಾಡಿಸಿದರು. ಆಮೇಲೆ, ತಲೆಯಾಡಿಸಿದ್ದು ಇವರಿಗೆ ಕಾಣದೇ ಹೋಗಿರಬಹುದು ಎಂದು ಬಾಯಿಬಿಟ್ಟೂ ಹೇಳಿದರು.

ಪಾರ್ಕಿಂಗ್ ಲಾಟಿನಲ್ಲಿ ತಣ್ಣನೆಯ ಗಾಳಿ. ನಾನು ಡ್ರೈವರ್ ಬಾಗಿಲು ತೆರೆದೆ. ಇವರು ತಮ್ಮ ಕಡೆಗೆ ಹೋಗದೆ, ಸುತ್ತಿಕೊಂಡು ಬಂದು ನನ್ನೆದುರು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. ಜೇಬಿನಿಂದ ತಮ್ಮ ಕೀ ತೆಗೆದು ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

"ಬಲಗಡೆ ಮುಂದಿನ ಟೈರು ಚಳಿಗೆ ಗಾಳಿ ಕಳ್ಕೊಳ್ಳತ್ತೆ, ತಿಂಗಳಿಗೊಂದ್ಸಲ ನೋಡ್ಬೇಕು. ರಿವರ್ಸ್ ತಗೊಳ್ವಾಗ ಬ್ರೇಕ್ ಕೂಗತ್ತೆ, ಹೆದರ್ಕೋಬೇಡ. ವೈಪರ್ ಹಳೇದಾಗಿದೆ." ಇಷ್ಟು ಹೇಳಿ ಬೆನ್ನು ನೆಟ್ಟಗೆ ಮಾಡಿದರು. "ಬೇರೇನೂ ವಿಶೇಷವಿಲ್ಲ."

ಹಣೆಗೆ ಕೈ ಹಚ್ಚಿದರು.

ಪಕ್ಕದ ಕಾರಿನವಳು ನಮ್ಮನ್ನೇ ನೋಡುತ್ತಿದ್ದಳು, ನೋಡಿಕೊಳ್ಳಲಿ. ನಾನೂ ಸೆಲ್ಯೂಟ್ ಹೊಡೆದೆ. ಕೀ ತೆಗೆದುಕೊಂಡೆ. ಗಂಟೆ ಕಿಣಿ ಎಂದಿತು. "ಬನ್ನಿ, ಹತ್ತಿ" ಎಂದರೆ, "ಮೊದಲು ನೀನು ಹೊರಗೆ ತೆಗಿ. ಬಂಡಿ ಹೊರಡೋವರೆಗೂ ಕದಲಬಾರದು" ಎಂದರು. ಬ್ರೇಕ್ ಕೂಗಿಸುತ್ತಾ ಹಿಂದಕ್ಕೆ ತೆಗೆದು ತಿರುಗಿಸಿಕೊಂಡೆ. ಅಷ್ಟು ಹೊತ್ತೂ ಬಿಳಿ ಗೆರೆಗಳ ನಡುವೆ ಅಟೆನ್ಷನ್‌ನಲ್ಲಿ ನಿಂತಿದ್ದು, ಆಮೇಲೆ ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಆ ಸೀಟಿನಲ್ಲಿ ಇವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಅದು ನನ್ನ ಕಾಲಿಗೆ ಹೊಂದಿಸಿದ ಸೀಟು.

ಮೇನ್ ಸ್ಟ್ರೀಟಿನಲ್ಲಿ ರೈಲ್ವೆ ಗೇಟು ಬಿತ್ತು. ಶಿಕಾಗೊ ಕಡೆಗೆ ಹೋಗುವ ರೈಲು ಎರಡಂತಸ್ತಿನ ಬೋಗಿಗಳನ್ನು ಎಳೆದುಕೊಂಡು ಹೋಯಿತು. ಇವರು ಕಣ್ಣು ಮುಚ್ಚಿ ಅದರ ಸದ್ದು ಕೇಳಿದರು. ಗೇಟು ಎದ್ದಿತು, ದಾಟಿದೆ. ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಬೇಕಾಯಿತು. ಅಲ್ಲಿ ಎಡಕ್ಕೆ ತಿರುಗದೆ ಬೇರೆ ದಾರಿಯಿರಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದೆ. ದೀಪ ಬದಲಾಯಿತು.

"ಡ್ರೈವರ್ ಮೊದಲು ಕೂಗ್ಬೇಕು," ಎಂದರು ಇವರು, ಮೆಲ್ಲಗೆ.

ನಾನು ಬಲಗೈ ತೆಗೆದು ಬೆರಳು ಚಾಚಿದೆ. "ಸಿಗ್ನಲ್ ಹಸಿರು!"

ಇವರೂ ಬೆರಳು ಚಾಚಿದರು. ಅದು ಸಿಗ್ನಲ್ಲಿನ ಕಡೆಗಿರಲಿಲ್ಲ, ಅದರ ಪಕ್ಕದ ಮೇಪಲ್ ಮರದ ಕಡೆಗಿತ್ತು.

"ಹಸಿರು!" ಎಂದು ಮರುಕೂಗಿದರು. ನಾನು ಬ್ರೇಕಿನಿಂದ ಕಾಲು ತೆಗೆದೆ.